ಮೀನು ಸಮೇತ ಹಳೇ 4 ಅಡಿ ಟ್ಯಾಂಕ್ ಸಿಗುತ್ತಿದೆ, ತಗೊಳ್ಳಲಾ ಬೇಡವಾ?

ಹೊಸನೀರು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ 2 ಅಡಿ ಟ್ಯಾಂಕಿನಲ್ಲಿ ಗಪ್ಪಿ ಸಾಕುತ್ತಿದ್ದೇನೆ, ನನ್ನ ಅನುಭವ ಅಷ್ಟೇ. ಈಗ ಪರಿಚಯದವರ ಕಡೆಯವರೊಬ್ಬರು ಮನೆ ಬದಲಿಸುತ್ತಿದ್ದಾರೆ. ಅವರ ಹತ್ತಿರ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಸ್ಟ್ಯಾಂಡ್, ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡುವ ಡಬ್ಬದಂಥದ್ದು), ಹೀಟರ್, ಲೈಟ್, ಗ್ರಾವೆಲ್, ಒಳಗಿರುವ ಮೀನು, ಎಲ್ಲ ಸೇರಿಸಿ ಒಟ್ಟಿಗೆ ಕೊಟ್ಟುಬಿಡುತ್ತಾರಂತೆ. ಬಿಡಿಬಿಡಿಯಾಗಿ ಕೊಡಲ್ಲ ಅಂತ ಮೊದಲು ಹೇಳಿದರು, ಆಮೇಲೆ ನೋಡೋಣ ಅಂದರು. ಹತ್ತು ಹನ್ನೆರಡು ದಿನದಲ್ಲಿ ಅವರು ಮನೆ ಖಾಲಿ ಮಾಡಬೇಕು.

ಟ್ಯಾಂಕಿಗೆ ಆರು ವರ್ಷ. ಒಳಗೆ ನಾಲ್ಕು ದೊಡ್ಡ ಏಂಜಲ್, ಏಳೆಂಟು ಕೋರಿಡೋರಾಸ್ (ತಳದಲ್ಲಿ ಓಡಾಡುವ ಸಣ್ಣ ಮೀನು), ಮತ್ತೆ ಒಂದು ಸಕ್ಕರ್ ಮೀನು, ಅದಂತೂ ಮೊಣಕೈಯಷ್ಟು ಉದ್ದ ಇದೆ. ನೀರು ಕನ್ನಡಿ ಹಾಗಿದೆ. "ಒಂದೂವರೆ ವರ್ಷದಿಂದ ನೀರೇ ಬದಲಿಸಿಲ್ಲ, ಆವಿಯಾದಷ್ಟು ತುಂಬಿಸುತ್ತೇನೆ ಅಷ್ಟೆ" ಅಂತ ಅವರು ಹೆಮ್ಮೆಯಿಂದ ಹೇಳಿದರು. ಕೇಳಿ ನನಗೂ ಖುಷಿ ಆಯಿತು, ಅಷ್ಟು ಸೆಟ್ ಆಗಿರುವ ಟ್ಯಾಂಕ್ ಅಲ್ವಾ ಅಂತ.

ಒಂದೇ ಒಂದು ಅನುಮಾನ. ಹಿಂದಿನ ಎಡ ಮೂಲೆಯಲ್ಲಿ ಹಿಂದೆ ಯಾವಾಗಲೋ ಸ್ವಲ್ಪ ಜಿನುಗುತ್ತಿತ್ತಂತೆ. ಅವರೇ ಒಳಗಿಂದ ಸಿಲಿಕಾನ್ ಬಳಿದಿದ್ದಾರೆ, ಆಮೇಲೆ ಏನೂ ಆಗಿಲ್ಲ ಅನ್ನುತ್ತಾರೆ. ಫೋಟೋದಲ್ಲಿ ಆ ಮೂಲೆಯ ಹೊರಗಡೆ ಸುಣ್ಣ ಎಳೆದ ಹಾಗೆ ಒಂದು ಬಿಳೀ ಗೆರೆ ಕಾಣುತ್ತಿದೆ. ಭಾನುವಾರ ನೋಡಲು ಹೋಗುತ್ತೇನೆ. ಏನೇನು ನೋಡಬೇಕು, ಏನು ಕೇಳಬೇಕು, ಸ್ವಲ್ಪ ಹೇಳಿ.

ಗಾಜುಗಾರ:

ಆ ಬಿಳೀ ಗೆರೆಯಿಂದಲೇ ಶುರು ಮಾಡೋಣ. ಅದು ಸುಮ್ನೆ ಬರುವುದಿಲ್ಲ. ನೀರು ಕೂದಲೆಳೆಯಷ್ಟು ಜಾಗದಲ್ಲಿ ಹೊರಗೆ ಬಂದು, ಹನಿಯಾಗಿ ಬೀಳುವ ಮೊದಲೇ ಒಣಗಿದರೆ ಅದರಲ್ಲಿದ್ದ ಲವಣ ಗಾಜಿನ ಮೇಲೆ ಉಳಿಯುತ್ತದೆ. ಮೇಲಿನ ಅಂಚಿನಿಂದ ನೀರು ಚಿಮ್ಮಿಯೂ ಆಗಿರಬಹುದು. ಮೇಲಿಂದ ಕೆಳಗೆ ಹರಿದ ಕಲೆ ಆದರೆ ಚಿಮ್ಮಿದ್ದು, ಅದಕ್ಕೆ ಹೆದರಬೇಡಿ. ಕೆಳಗಿನ ಜೋಡಣೆಯಿಂದ ಶುರುವಾಗಿ ಗಂಟು ಗಂಟಾಗಿ ಕಟ್ಟಿದ್ದರೆ ಜಿನುಗು ಇನ್ನೂ ನಿಂತಿಲ್ಲ ಅಂತ ಅರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದು ಟಿಶ್ಯೂ ಪೇಪರ್ ಅಂಟಿಸಿ ಬನ್ನಿ, ಎರಡು ದಿನ ಬಿಟ್ಟು ಅವರಿಗೇ ಒಂದು ಫೋಟೋ ಕಳಿಸಲು ಹೇಳಿ.

ಸಿಲಿಕಾನ್ ವಿಷಯದಲ್ಲಿ ತುಂಬ ಜನಕ್ಕೆ ಒಂದು ತಪ್ಪು ತಿಳುವಳಿಕೆ ಇದೆ. ಒಳಗೆ ಮೂಲೆಯಲ್ಲಿ ಕಾಣುವ ಉಬ್ಬು ಗೆರೆ ಟ್ಯಾಂಕನ್ನು ಹಿಡಿದಿಟ್ಟಿರುವುದಲ್ಲ. ಹಿಡಿದಿರುವುದು ಗಾಜಿಗೂ ಗಾಜಿಗೂ ಮಧ್ಯೆ ಇರುವ ತೆಳ್ಳನೆಯ ಪದರ. ಒಳಗಿನದು ಅದಕ್ಕೆ ಕಾವಲು ಅಷ್ಟೆ. ಮಧ್ಯದ ಪದರವೇ ಬಿಟ್ಟುಕೊಂಡಿದ್ದರೆ ಒಳಗೆ ಎಷ್ಟು ಬಳಿದರೂ ಅದು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ಜೊತೆಗೆ ಒಣಗಿದ ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹಳೆಯದನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಹಾಕಿದರೆ ಮಾತ್ರ ನಿಲ್ಲುತ್ತದೆ. ಅವರು ಮೇಲಿಂದ "ಬಳಿದಿದ್ದಾರೆ" ಅಂತ ನೀವು ಬರೆದಿದ್ದೀರಲ್ಲ, ನನಗೆ ಅಲ್ಲೇ ಹೊಟ್ಟೆ ಚುಳ್ ಅಂತು.

ಯಾಕೆಂದರೆ ನಾನೂ ಅದನ್ನೇ ಮಾಡಿದ್ದೆ. 3 ಅಡಿ ಟ್ಯಾಂಕ್, ಮೂಲೆಯಲ್ಲಿ ತೇವ. ಮನೆಯಲ್ಲಿ ಬಾತ್‌ರೂಮಿಗೆ ತಂದಿದ್ದ ಟ್ಯೂಬಿನಲ್ಲಿ ಅರ್ಧ ಉಳಿದಿತ್ತು, ಅದನ್ನೇ ಬಳಿದೆ. ಬಾತ್‌ರೂಮ್ ಸಿಲಿಕಾನಿನಲ್ಲಿ ಬೂಸ್ಟು ಬರದಂತೆ ಔಷಧಿ ಸೇರಿಸಿರುತ್ತಾರೆ, ಅದು ಮೀನಿಗೆ ವಿಷ ಅನ್ನುವುದು ಆಗ ಗೊತ್ತಿರಲಿಲ್ಲ. ಆದರೆ ಮೀನು ಸಾಯುವಷ್ಟು ಪುರುಸೊತ್ತೇ ಸಿಗಲಿಲ್ಲ. ಮೂರನೇ ವಾರ ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದೆ, ಹಾಲಿಗೆ ಕಾಲಿಟ್ಟರೆ ಕಾರ್ಪೆಟ್ ಪಚಕ್ ಅಂತು. ಬಳಿದಿದ್ದ ಸಿಲಿಕಾನ್ ಒಂದು ಪಟ್ಟಿಯಾಗಿ ಎದ್ದು ನೀರಿನಲ್ಲಿ ತೇಲುತ್ತಿತ್ತು, ಹಾವಿನ ಪೊರೆ ಹಾಗೆ.

ಹೋದಾಗ ನೋಡಿ. ಉಗುರಿನಿಂದ ಒಳಗಿನ ಸಿಲಿಕಾನ್ ಅಂಚನ್ನು ಮೆಲ್ಲಗೆ ಎಬ್ಬಿಸಿ. ಎದ್ದು ಬಂದರೆ ಅದರ ಆಯಸ್ಸು ಮುಗಿದಿದೆ. ಟಾರ್ಚ್ ಹಿಡಿದು ಹೊರಗಿನಿಂದ ಜೋಡಣೆಯೊಳಗೆ ನೋಡಿ, ಗಾಳಿಗುಳ್ಳೆ ಸಾಲಾಗಿ ಸೇರಿಕೊಂಡು ಒಳಗಿಂದ ಹೊರಗೆ ದಾರಿ ಮಾಡಿದ್ದರೆ ಬೇಡ. ಒಂಟಿ ಗುಳ್ಳೆ ಪರವಾಗಿಲ್ಲ, ಹೊಸ ಟ್ಯಾಂಕಿನಲ್ಲೂ ಇರುತ್ತದೆ. ಗಾಜಿನ ಮೂಲೆ ಚಕ್ಕೆ ಎದ್ದಿದೆಯಾ ಅಂತ ಬೆರಳಾಡಿಸಿ ನೋಡಿ, ಹುಷಾರಾಗಿ. ಗೀರು ಉಗುರಿಗೆ ತಡೆದರೆ ಆಳ ಇದೆ ಅಂತ. ಗಾಜಿನ ದಪ್ಪ ಅಳೆಯಿರಿ. ಈ ಅಳತೆಗೆ ನಾನಾದರೆ 10 ಮಿಮೀ ಗಾಜೇ ಬೇಕು ಅನ್ನುತ್ತೇನೆ. ಒತ್ತಡ ಇರುವುದು ನೀರಿನ ಎತ್ತರದಿಂದ. ಒಂದೂವರೆ ಅಡಿ ಪೂರ್ತಿ ತುಂಬಿದರೆ ಮುಂದಿನ ಗಾಜಿನ ಮೇಲೆ ಸುಮಾರು 127 ಕೆಜಿ ಭಾರ ಹೊರಗಡೆಗೆ ತಳ್ಳುತ್ತಿರುತ್ತದೆ, ಹಗಲೂ ರಾತ್ರಿ.

ಧರ್ಮಕ್ಕೆ ಕೊಟ್ಟ ದಟ್ಟಿಯನ್ನು ಮೊಳ ಹಾಕಬಾರದು ಅಂತಾರೆ. ಇದು ಧರ್ಮಕ್ಕಲ್ಲವಲ್ಲ, ದುಡ್ಡು ಕೊಡುತ್ತಿದ್ದೀರಿ, ಮೊಳ ಹಾಕಿ.

ಬರೀ_ಓದುಗ:

ಒಂದು ಮಾತು ಕೇಳಲಾ. ಟ್ಯಾಂಕ್ ಈಗ ನೀರು ತುಂಬಿಕೊಂಡು ನಿಂತೇ ಇದೆ, ಆರು ವರ್ಷದಿಂದ. ಅಂದಮೇಲೆ ಸೋರಿಕೆ ಪರೀಕ್ಷೆ ಆಗಿಹೋದ ಹಾಗೇ ಅಲ್ವಾ?

ಗಾಜುಗಾರ:

ಅರ್ಧ ನಿಜ. ಅಟ್ಟದ ಮೇಲೆ ಎರಡು ವರ್ಷ ಬಿಸಿಲಿಗೆ ಒಣಗಿದ ಟ್ಯಾಂಕಿಗಿಂತ ಓಡುತ್ತಿರುವ ಟ್ಯಾಂಕ್ ಎಷ್ಟೋ ಮೇಲು. ಆದರೆ ಅದು ನಿಂತ ಜಾಗದಲ್ಲಿ ನಿಂತಿದೆ. ಖಾಲಿ ಮಾಡಿ, ಎತ್ತಿ, ಗಾಡಿಯಲ್ಲಿ ಕುಲುಕಿಸಿ, ಬೇರೆ ಮಟ್ಟದ ಮೇಲೆ ಕೂರಿಸಿದಾಗ ಹಳೇ ಜೋಡಣೆಗೆ ಹೊಸ ಎಳೆತ ಬರುತ್ತದೆ. ಅದಕ್ಕೇ ಮನೆಗೆ ತಂದ ಮೇಲೆ ಇನ್ನೊಮ್ಮೆ ಬರೀ ನೀರು ತುಂಬಿ ನೋಡಬೇಕು. ಮೂರನೇ ಒಂದು ಭಾಗ ತುಂಬಿಸಿ ಕಾಯಿರಿ, ಮತ್ತೆ ಇನ್ನೊಂದು ಭಾಗ. ಕೆಳಗೆ ಸುತ್ತ ದಿನಪತ್ರಿಕೆ ಹಾಸಿ, ಒಂದು ಹನಿ ಬಿದ್ದರೂ ಕಾಗದ ಹೇಳುತ್ತದೆ. ಎರಡು ದಿನವಾದರೂ ಬಿಡಿ, ನಾನು ಒಂದು ವಾರ ಬಿಡುತ್ತೇನೆ. ರಸಮಟ್ಟ ಇಟ್ಟು ನೋಡುವುದು ಮರೆಯಬೇಡಿ. ಕಟ್ಟು ಇಲ್ಲದ ಬರೀ ಗಾಜಿನ ತಳವಾದರೆ ಕೆಳಗೆ ಥರ್ಮೋಕೋಲ್ ಹಾಳೆ ಇರಲೇಬೇಕು, ಒಂದು ಸಣ್ಣ ಕಲ್ಲು ತಳದಡಿ ಸಿಕ್ಕಿಕೊಂಡರೂ ಸಾಕು ಬಿರುಕು ಬಿಡಲು.

ಸ್ಪಂಜಜ್ಜಿ:

ಗಾಜಿನ ಬಗ್ಗೆ ಗಾಜುಗಾರ ಅಣ್ಣ ಹೇಳಿದ್ದಾಯಿತು. ನನಗೆ ಗಾಬರಿ ಆಗಿದ್ದು ಬೇರೆ ಸಾಲು ಓದಿ. "ಒಂದೂವರೆ ವರ್ಷದಿಂದ ನೀರೇ ಬದಲಿಸಿಲ್ಲ." ಹೊಸನೀರು, ಅದು ಹೆಮ್ಮೆ ಪಡುವ ವಿಷಯ ಅಲ್ಲಪ್ಪ.

ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಮೀನಿನ ಕಸದಿಂದ ಅಮೋನಿಯ ಬರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದೇ ಬಿಡುವುದು ಏನೆಂದರೆ ಈ ಕೆಲಸ ನಡೆಯುವಾಗ ಆಮ್ಲ ಹುಟ್ಟುತ್ತದೆ, ಮತ್ತು ಆ ಆಮ್ಲವನ್ನು ನೀರಿನಲ್ಲಿರುವ ಕಾರ್ಬೊನೇಟ್ ತಿಂದುಹಾಕುತ್ತಿರುತ್ತದೆ, ಕೆಎಚ್ ಅಂತ ಟೆಸ್ಟ್ ಕಿಟ್‌ನಲ್ಲಿ ಬರೆದಿರುತ್ತದಲ್ಲ, ಅದೇ. ಹೊಸ ನೀರು ಹಾಕದಿದ್ದರೆ ಒಂದು ದಿನ ಆ ಕೆಎಚ್ ಮುಗಿದುಹೋಗುತ್ತದೆ. ಆಮೇಲೆ ಪಿಎಚ್ (ನೀರಿನ ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) ಜಾರುತ್ತಾ ಹೋಗಿ 6ರ ಕೆಳಗೂ ಇಳಿಯಬಹುದು. ಅಲ್ಲಿಗೆ ಬ್ಯಾಕ್ಟೀರಿಯಾ ಸೊರಗುತ್ತವೆ, ಅಮೋನಿಯ ಕೂಡಿಕೊಳ್ಳುತ್ತಾ ಹೋಗುತ್ತದೆ. ಮೀನು ಯಾಕೆ ಸಾಯುವುದಿಲ್ಲ ಅಂದರೆ ಕಡಿಮೆ ಪಿಎಚ್‌ನಲ್ಲಿ ಅದು ಅಮೋನಿಯಂ ರೂಪದಲ್ಲಿರುತ್ತದೆ, ಅದು ಅಷ್ಟು ವಿಷ ಅಲ್ಲ. ನೀರು ತಿಳಿಯಾಗೇ ಕಾಣುತ್ತದೆ. ಮೀನೂ ನಿಧಾನಕ್ಕೆ ಒಗ್ಗಿಕೊಂಡಿರುತ್ತದೆ.

ಈಗ ನೀವು ಬರುತ್ತೀರಿ. ಒಳ್ಳೇ ಮನಸ್ಸಿನಿಂದ ಅರ್ಧ ನೀರು ತೆಗೆದು ಹೊಸ ನೀರು ಹಾಕುತ್ತೀರಿ. ಪಿಎಚ್ ಒಂದೇ ಸಲ 7 ದಾಟುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಅಮೋನಿಯಂ ಅಮೋನಿಯ ಆಗಿಬಿಡುತ್ತದೆ. ರಾತ್ರಿ ಬೆಳಗಾಗುವಷ್ಟರಲ್ಲಿ ಮೀನು ಮೇಲೆ ತೇಲುತ್ತಿರುತ್ತವೆ.

ನನ್ನ ಕಥೆ ಇದೇ. ಒಬ್ಬರು ವಯಸ್ಸಾದವರು, ನೋಡಿಕೊಳ್ಳಲು ಆಗಲ್ಲ ಅಂತ ಹದಿನಾಲ್ಕು ಮೀನು ಇದ್ದ ಟ್ಯಾಂಕನ್ನು ನನಗೆ ಕೊಟ್ಟರು. ಕೊಳೆ ನೋಡಿ ಕರುಳು ಚುರುಕ್ ಅಂತು. ತಂದ ದಿನವೇ ಗ್ರಾವೆಲ್ ತೊಳೆದೆ, ಫಿಲ್ಟರ್ ನಲ್ಲಿಯಡಿ ಹಿಡಿದು ಬೆಳ್ಳಗೆ ಮಾಡಿದೆ, ಮುಕ್ಕಾಲು ಭಾಗ ಹೊಸ ನೀರು ತುಂಬಿದೆ. ಎರಡನೇ ದಿನ ಬೆಳಿಗ್ಗೆ ಹನ್ನೊಂದು ಹೋಗಿದ್ದವು. ಉಳಿದ ಮೂರು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅವರು ಫೋನ್ ಮಾಡಿ ಹೇಗಿವೆ ಮಕ್ಕಳು ಅಂತ ಕೇಳಿದಾಗ ಚೆನ್ನಾಗಿವೆ ಅಂತ ಸುಳ್ಳು ಹೇಳಿದೆ. ಆ ಸುಳ್ಳು ಇನ್ನೂ ಗಂಟಲಲ್ಲೇ ಇದೆ.

ಆದ್ದರಿಂದ ಭಾನುವಾರ ಹೋಗುವಾಗ ಟೆಸ್ಟ್ ಕಿಟ್ ಜೇಬಿನಲ್ಲಿರಲಿ. ಪಿಎಚ್, ಕೆಎಚ್, ಅಮೋನಿಯ, ನೈಟ್ರೇಟ್ ನಾಲ್ಕೂ ನೋಡಿ. ನೈಟ್ರೇಟ್ ಕಿಟ್‌ನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕದೇ ಹನಿ ಹಾಕಬೇಡಿ, ತಳದಲ್ಲಿ ಪುಡಿ ಕೂತಿರುತ್ತದೆ, ಸುಳ್ಳು ಕಡಿಮೆ ತೋರಿಸುತ್ತದೆ.

ಖಾಲಿಗಾಜು:

ನಾನು ಬೇರೆ ಹೇಳುತ್ತೇನೆ, ಬೈಬೇಡಿ. ಮೀನು ಬೇಡ ಅಂದುಬಿಡಿ. ಬರೀ ಟ್ಯಾಂಕ್, ಫಿಲ್ಟರ್ ತಗೊಳ್ಳಿ. "ಮೀನು ಸಮೇತ" ಅನ್ನುವುದು ಬಹುಮಾನ ಅಲ್ಲ, ಅವರ ತಲೆನೋವನ್ನು ನಿಮ್ಮ ತಲೆಗೆ ದಾಟಿಸುವುದು. ಮೀನು ಇಲ್ಲದಿದ್ದರೆ ನಿಮಗೆ ಆತುರ ಇರುವುದಿಲ್ಲ. ಟ್ಯಾಂಕ್ ತೊಳೆಯಬಹುದು, ವಾರಗಟ್ಟಲೆ ಸೋರಿಕೆ ನೋಡಬಹುದು, ಇಷ್ಟದ ಮೀನು ಹಾಕಬಹುದು. ಮೀನು ಇದ್ದರೆ ಅವತ್ತು ರಾತ್ರಿಯೊಳಗೆ ಎಲ್ಲ ಮುಗಿಯಬೇಕು. ತಪ್ಪು ಆಗುವುದೇ ಆ ಓಟದಲ್ಲಿ.

ಆ ಸಕ್ಕರ್ ಮೀನಿಗೆ 4 ಅಡಿ ಸಾಲುವುದೂ ಇಲ್ಲ. ಅಂಗಡಿಯಲ್ಲಿ ಬೆರಳುದ್ದ ಇದ್ದಾಗ ಗಾಜು ಕ್ಲೀನ್ ಮಾಡುತ್ತೆ ಅಂತ ತರುತ್ತಾರೆ, ಅದು ಒಂದು ಅಡಿ ದಾಟಿ ಬೆಳೆಯುತ್ತದೆ. ತಿನ್ನುವ ಪಾಚಿಗಿಂತ ಹಾಕುವ ಕಸ ಜಾಸ್ತಿ. ಆಮೇಲೆ ಕೆರೆಗೋ ಹೊಳೆಗೋ ಬಿಟ್ಟು ಬರುತ್ತಾರೆ, ಅಲ್ಲಿ ಅದು ಬೇರೆ ಮೀನಿನ ಬದುಕು ಹಾಳು ಮಾಡುತ್ತದೆ. ದಯವಿಟ್ಟು ಅದೊಂದು ಮಾಡಬೇಡಿ.

ಟ್ಯಾಂಕ್ ಒಣಗಿಸಿ ತರುವುದಾದರೆ ತೊಳೆಯುವ ಕ್ರಮ ಸರಳ. ಸುಣ್ಣದ ಕಲೆಗೆ ವಿನೆಗರ್. ರೋಗದ ಭಯ ಇದ್ದರೆ ಬ್ಲೀಚ್, ಒಂದು ಪಾಲಿಗೆ ಇಪ್ಪತ್ತು ಪಾಲು ನೀರು, ಕಾಲು ಗಂಟೆ, ಆಮೇಲೆ ಚೆನ್ನಾಗಿ ತೊಳೆದು ಆಂಟಿ-ಕ್ಲೋರಿನ್ ಹಾಕಿದ ನೀರಿನಲ್ಲಿ ಅದ್ದಿ, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಒಣಗಿಸುವುದು. ಎರಡನ್ನೂ ಒಟ್ಟಿಗೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ, ಮೀನಿಗಲ್ಲ ನಿಮಗೇ ಅಪಾಯ. ಸೋಪು ಅಂತೂ ಹತ್ತಿರ ತರಬೇಡಿ. ಮತ್ತೆ ಹಿಂದೆ ಯಾವ ಔಷಧಿ ಹಾಕಿದ್ದರು ಅಂತ ಕೇಳಿ. ತಾಮ್ರ ಇರುವ ಔಷಧಿ ಹಾಕಿದ್ದರೆ ಮುಂದೆ ಸಿಗಡಿ, ಬಸವನಹುಳು ಸಾಕುವ ಆಸೆ ಬಿಡಿ, ಕಲ್ಲಿನಲ್ಲಿ ಉಳಿದಿರುತ್ತದೆ.

ಸ್ಪಂಜಜ್ಜಿ:

ಖಾಲಿಗಾಜು, ನಿಮ್ಮ ಮಾತು ತಪ್ಪಲ್ಲ. ಆದರೆ ಮೀನು ಬಿಟ್ಟು ಬಂದರೆ ಅವುಗಳ ಗತಿ ಏನು? ಹತ್ತು ದಿನದಲ್ಲಿ ಮನೆ ಖಾಲಿ ಮಾಡುವವರು ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇನ್ನೊಂದು, ಈ ಇಡೀ ಸೆಟ್‌ನಲ್ಲಿ ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಹೊಸದಾಗಿ ಸಿಗದ ವಸ್ತು ಒಂದೇ ಒಂದು, ಆರು ವರ್ಷ ಪಳಗಿದ ಆ ಫಿಲ್ಟರಿನ ಸ್ಪಂಜು. ಹೊಸ ಫಿಲ್ಟರ್ ಅಷ್ಟು ಹದಕ್ಕೆ ಬರಲು ತಿಂಗಳೇ ಹಿಡಿಯುತ್ತದೆ. ಅದನ್ನು ಬ್ಲೀಚಿನಲ್ಲಿ ಮುಳುಗಿಸುತ್ತೀರಾ?

ಪ್ಲಗ್_ಪಾಯಿಂಟ್:

ಕರೆಂಟಿನ ಬಗ್ಗೆ ಯಾರೂ ಹೇಳಲಿಲ್ಲ, ಹೇಳಿ ಹೋಗುತ್ತೇನೆ. ಹಳೇ ಹೀಟರ್ ತಗೊಳ್ಳಬೇಡಿ. ಸುಮ್ನೆ ಕೊಟ್ಟರೂ ಬೇಡ. ಹಳೇ ಥರ್ಮೋಸ್ಟಾಟ್ ಒಳಗಿನ ಕಾಂಟ್ಯಾಕ್ಟ್ ಕಿಡಿ ಹಾರಿ ಹಾರಿ ಅಂಟಿಕೊಳ್ಳುತ್ತದೆ, ಆಮೇಲೆ ಆಫ್ ಆಗುವುದೇ ಇಲ್ಲ, ಮೀನು ಬೆಂದುಹೋಗುತ್ತವೆ. ಬೇಕೇ ಬೇಕು ಅಂದರೆ ಬಕೆಟ್ ನೀರಿನಲ್ಲಿ ಇಟ್ಟು 26 ಡಿಗ್ರಿಗೆ ಸೆಟ್ ಮಾಡಿ, ಬೇರೆ ಥರ್ಮಾಮೀಟರ್ ಹಾಕಿ, ಸರಿಯಾಗಿ ಆರುತ್ತಾ ಹತ್ತುತ್ತಾ ಅಂತ ಒಂದು ದಿನ ನೋಡಿ. ನೀರಿಂದ ತೆಗೆಯುವ ಮೊದಲು ಆಫ್ ಮಾಡಿ ಕಾಲು ಗಂಟೆ ಬಿಡಿ, ಇಲ್ಲದಿದ್ದರೆ ಗಾಜು ಟಪ್ ಅನ್ನುತ್ತದೆ.

ಕ್ಯಾನಿಸ್ಟರ್ ಓಡುತ್ತಿರುವಾಗ ಕಿವಿ ಇಟ್ಟು ಕೇಳಿ. ಗುಂಯ್ ಅಂದರೆ ಸರಿ, ಕಟಕಟ ಅಂದರೆ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದಿದೆ ಅಥವಾ ಅದರ ಕಡ್ಡಿ ಮುರಿದಿದೆ. ಮುಚ್ಚಳದ ರಬ್ಬರ್ ಓ-ರಿಂಗ್ ಚಪ್ಪಟೆ ಆಗಿದೆಯಾ ನೋಡಿ. ಆ ಮಾಡೆಲ್‌ಗೆ ಬಿಡಿಭಾಗ ಈಗಲೂ ಸಿಗುತ್ತಾ ಅಂತ ಮೊದಲೇ ಹುಡುಕಿಕೊಳ್ಳಿ. ಪೈಪು ಗಟ್ಟಿಯಾಗಿದ್ದರೆ ಬಿಡಿಸುವಾಗ ಸೀಳುತ್ತದೆ, ಹೊಸದು ಹಾಕಿ. ಲೈಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಹತ್ತಿದರೆ ಹತ್ತಿತು. ವೈರನ್ನು ಪ್ಲಗ್‌ಗಿಂತ ಕೆಳಗೆ ಒಂದು ಸುತ್ತು ಇಳಿಬಿಟ್ಟು ಮೇಲೆ ತನ್ನಿ, ಹನಿ ಹರಿದರೂ ಪ್ಲಗ್‌ಗೆ ಹೋಗದೆ ಅಲ್ಲೇ ಕೆಳಗೆ ಬೀಳುತ್ತದೆ.

ಹೊಸನೀರು:

ಹೋಗಿ ಬಂದೆ. ಉದ್ದ ಆಗುತ್ತದೆ, ಕ್ಷಮಿಸಿ.

ಬಿಳೀ ಗೆರೆ ಕೆಳಗಿನ ಜೋಡಣೆಯಿಂದಲೇ ಶುರುವಾಗಿದೆ. ಉಗುರಿಗೆ ಗರಗರ ಅನ್ನುತ್ತದೆ, ಒಣ ಉಪ್ಪಿನ ಹಾಗೆ. ಒಳಗೆ ಕೈ ಹಾಕಿ ಅವರು ಬಳಿದಿದ್ದ ಸಿಲಿಕಾನನ್ನು ಮುಟ್ಟಿದೆ. ಎಬ್ಬಿಸಬೇಕಾಗಿಯೇ ಇರಲಿಲ್ಲ, ಒಂದು ಬದಿ ಆಗಲೇ ಬಾಯಿ ಬಿಟ್ಟಿತ್ತು. ಟಿಶ್ಯೂ ಅಂಟಿಸಿ ಬಂದೆ, ಮಾರನೇ ದಿನವೇ ಫೋಟೋ ಬಂತು, ಹೆಬ್ಬೆರಳಗಲ ಒದ್ದೆ. ಪಾಪ ಅವರಿಗೇ ಗೊತ್ತಿರಲಿಲ್ಲ. ಸ್ಟ್ಯಾಂಡ್ ಹೊರಗಿಂದ ಮರದ ಹಾಗಿದೆ, ಒಳಗೆ ಎಂಡಿಎಫ್ ಹಲಗೆ (ಮರದ ನಾರು ಒತ್ತಿ ಮಾಡಿದ್ದು), ಆ ಮೂಲೆಯ ಕೆಳಗೆ ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಆರು ವರ್ಷದಿಂದ ಕುಡಿದ ನೀರು ಅದೇ ಇರಬೇಕು.

ಟೆಸ್ಟ್ ಮಾಡಿದೆ. ಪಿಎಚ್ ಚಾರ್ಟಿನ ಕೊನೆಯ ಹಳದಿ, 6. ಅದಕ್ಕಿಂತ ಕೆಳಗೆ ಕಿಟ್ ತೋರಿಸುವುದೇ ಇಲ್ಲ. ಕೆಎಚ್‌ಗೆ ಒಂದು ಹನಿ ಹಾಕಿದ ಕೂಡಲೇ ಬಣ್ಣ ಬದಲಾಯಿತು, ಅಂದರೆ 1. ನಮ್ಮ ಮನೆ ನೀರಿಗೆ ಆರು ಹನಿ ಬೇಕು. ಅಮೋನಿಯ ತಿಳಿ ಹಸಿರು, 0.5ರ ಹತ್ತಿರ. ನೈಟ್ರೇಟ್ ಕಡು ಕೆಂಪು, 80 ಅಂದುಕೊಂಡೆ. ಅಜ್ಜಿ, ನೀವು ಬರೆದಿದ್ದನ್ನು ಕಿಟ್ ಓದಿಕೊಂಡು ಬಂದ ಹಾಗಿತ್ತು.

ಅವರಿಗೆ ತೋರಿಸಿದೆ. ಮುಖ ಸಪ್ಪಗಾಯಿತು. ಏಂಜಲ್‌ಗಳು ಅವರ ಮಗಳ ಆಯ್ಕೆಯಂತೆ, ಅವಳು ಓದಲು ಹೊರಗೆ ಹೋಗಿದ್ದಾಳೆ. ಮೀನು ಉಳಿಯುವುದಾದರೆ ಏನು ಬೇಕಾದರೂ ಮಾಡಿ, ಬಿಡಿಯಾಗಿಯೇ ತಗೊಳ್ಳಿ ಅಂದರು. ಟ್ಯಾಂಕ್ ಬೇಡ ಅಂತ ಮನಸ್ಸು ಹೇಳುತ್ತಿದೆ, ಮೀನು ಬಿಟ್ಟು ಬರಲು ಮನಸ್ಸಿಲ್ಲ. ಇನ್ನು ಒಂಬತ್ತು ದಿನ ಇದೆ. ಏನು ಮಾಡಲಿ?

ಸ್ಪಂಜಜ್ಜಿ:

ಒಂಬತ್ತು ದಿನ ಧಾರಾಳ. ಅವರು ಒಪ್ಪಿದರೆ ಅಲ್ಲೇ ಶುರು ಮಾಡಿ. ಟ್ಯಾಂಕಿನಲ್ಲಿ ಕಲ್ಲು ಕಳೆದು ಸುಮಾರು 200 ಲೀಟರ್ ನೀರು ಇರುತ್ತದೆ. ದಿನಕ್ಕೆ 20 ಲೀಟರ್ ಮಾತ್ರ ತೆಗೆದು ಹೊಸದು ಹಾಕಿ, ಒಂದು ಬಕೆಟ್, ಜಾಸ್ತಿ ಬೇಡ. ಕ್ಲೋರಿನ್ ಹೋಗಿಸಿದ ನೀರು, ಅದೇ ಬಿಸಿ. ನಿಧಾನಕ್ಕೆ ಸುರಿಯಿರಿ. ಹಾಕುವ ಮೊದಲು ಅಮೋನಿಯ, ಹಾಕಿ ಒಂದು ಗಂಟೆಯ ಮೇಲೆ ಪಿಎಚ್. ಅಮೋನಿಯ ಏರಿತು ಅನಿಸಿದರೆ ಅದನ್ನು ಕಟ್ಟಿಹಾಕುವ ಕಂಡಿಷನರ್ ಹಾಕಿ, ಮಾರನೇ ದಿನ ಬರೀ 10 ಲೀಟರ್. ಕೆಎಚ್ ಬಂದ ಹಾಗೆ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುತ್ತವೆ. ಊಟ ಅರ್ಧಕ್ಕೆ ಇಳಿಸಲು ಹೇಳಿ. ಗ್ರಾವೆಲ್ ಕೆದಕಬೇಡಿ, ಫಿಲ್ಟರ್ ಮುಟ್ಟಬೇಡಿ.

ಸಾಗಿಸುವ ದಿನ ಮುಖ್ಯ. ಹಿಂದಿನ ದಿನ ಊಟ ಬೇಡ. ಮೀನು ಮುಚ್ಚಳ ಇರುವ ಬಕೆಟಿನಲ್ಲಿ, ಅದೇ ನೀರಿನಲ್ಲಿ, ಬ್ಯಾಟರಿ ಏರ್ ಪಂಪ್ ಹಾಕಿ. ಸಕ್ಕರ್‌ಗೆ ಬೇರೆ ಬಕೆಟ್, ಅದರ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ, ಡಬ್ಬದಲ್ಲಿ ಹಿಡಿಯಿರಿ. ಕ್ಯಾನಿಸ್ಟರನ್ನು ನೀರು ತುಂಬಿ ಮುಚ್ಚಿ ತರಬೇಡಿ. ಒಳಗೆ ಉಸಿರಿಲ್ಲದೆ ಬ್ಯಾಕ್ಟೀರಿಯಾ ಸಾಯಬಹುದು, ಆ ಕೊಳೆ ನೀರು ಟ್ಯಾಂಕಿಗೆ ಬಂದರೆ ಕೆಟ್ಟಿತು. ಸ್ಪಂಜು, ಫಿಲ್ಟರಿನೊಳಗಿನ ಸೆರಾಮಿಕ್ ತುಂಡು ಎಲ್ಲ ಅಗಲ ಬಕೆಟಿನಲ್ಲಿ, ಒದ್ದೆ ಆಗಿರುವಷ್ಟು ಹಳೇ ನೀರು, ಮುಚ್ಚಳ ಸಡಿಲ. ಕೊಳೆ ಜಾಸ್ತಿ ಇದ್ದರೆ ಅದೇ ಹಳೇ ನೀರಿನಲ್ಲಿ ಎರಡು ಸಲ ಅದ್ದಿ ಹಿಂಡಿ, ಅಷ್ಟೇ. ಮನೆಗೆ ಹೋದ ತಕ್ಷಣ ಮೊದಲು ಓಡಬೇಕಾದ್ದು ಫಿಲ್ಟರ್.

ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿ. ಹಳೇ ಟ್ಯಾಂಕಿನ ನೀರಿನಲ್ಲಿ ಮನುಷ್ಯರ ಚರ್ಮಕ್ಕೂ ಅಂಟುವ ಮೀನಿನ ಕ್ಷಯದ ರೋಗಾಣು ಇರಬಹುದು, ತುಂಬ ದಿನ ಕಾಡುತ್ತದೆ. ಪೈಪನ್ನು ಬಾಯಲ್ಲಿ ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಗಾಜುಗಾರ:

ಟ್ಯಾಂಕ್ ಬಿಡಿ. ಗಾಜುಗಳ ಮಧ್ಯದ ಪದರವೇ ಸೋರುತ್ತಿದೆ. ಸರಿ ಮಾಡಬೇಕು ಅಂದರೆ ಗಾಜುಗಳನ್ನು ಪೂರ್ತಿ ಬಿಚ್ಚಿ, ಕೆರೆದು, ಮತ್ತೆ ಜೋಡಿಸಿ, ಒಂದು ವಾರ ಒಣಗಿಸಿ, ಇನ್ನೊಂದು ವಾರ ನೀರು ನಿಲ್ಲಿಸಿ ನೋಡಬೇಕು. ಕೆಲಸ ಗೊತ್ತಿದ್ದವರಿಗೇ ಹದಿನೈದು ದಿನ. ಅದೇ ಅಳತೆಗೆ ಹೊಸ ಗಾಜು ಮಾಡಿಸಿ, ಇವತ್ತೇ ಹೇಳಿ. ಸ್ಟ್ಯಾಂಡ್ ಕಬ್ಬಿಣದ್ದು ಇರಲಿ. 250 ಲೀಟರ್ ಹಿಡಿಯುವ ಟ್ಯಾಂಕ್, ಬರೀ ಗಾಜೇ ಸುಮಾರು 50 ಕೆಜಿ, ಎಲ್ಲ ಸೇರಿ 300 ಕೆಜಿ ದಾಟುತ್ತದೆ. ಗೋಡೆಗೆ ಒತ್ತಿಕೊಂಡೇ ಇಡಿ, ನೆಲದ ಮಧ್ಯೆ ಬೇಡ. ಹಳೆಯದನ್ನು ಯಾರಾದರೂ ಗಿಡ ಬೆಳೆಸಲು ತಗೊಂಡರೆ ಕೊಡಲಿ, ಮಣ್ಣು ಸೋರುವುದಿಲ್ಲ.

ಖಾಲಿಗಾಜು:

ನಾನು ಗಾಜು ತಗೊಂಡು ಮೀನು ಬಿಡಿ ಅಂದೆ. ನೀವು ಗಾಜು ಬಿಟ್ಟು ಮೀನು ತರುತ್ತಿದ್ದೀರಿ. ಆಗಲಿ, ಹೇಗಾಯಿತು ಅಂತ ಬಂದು ಹೇಳಿ.

ಹೊಸನೀರು:

ಮೂರು ವಾರ ಆಯಿತು, ಹೇಳಲು ಬಂದೆ.

ಎಂಟು ದಿನ ಸಂಜೆ ಸಂಜೆ ಅವರ ಮನೆಗೆ ಹೋದೆ, ದಿನಕ್ಕೊಂದು ಬಕೆಟ್. ಮೂರನೇ ದಿನದಿಂದ ಅವರೇ ನೀರು ಹಿಡಿದು ಕಾಯುತ್ತಿದ್ದರು. ನಾಲ್ಕನೇ ದಿನ ಅಮೋನಿಯ ಸ್ವಲ್ಪ ಗಾಢ ಆಯಿತು, ಏಂಜಲ್ ಒಂದು ಮೂಲೆ ಹಿಡಿದು ನಿಂತಿತು. ಕಂಡಿಷನರ್ ಹಾಕಿ ಮಾರನೇ ದಿನ 10 ಲೀಟರ್ ಮಾತ್ರ ಬದಲಿಸಿದೆ. ಆರನೇ ದಿನದಿಂದ ಇಳಿಯಿತು, ಎಂಟನೇ ದಿನ ಸೊನ್ನೆ. ಕೆಎಚ್‌ಗೆ ನಾಲ್ಕು ಹನಿ ಬೇಕಾಯಿತು, ಪಿಎಚ್ 7ರ ಹತ್ತಿರ, ನೈಟ್ರೇಟ್ 40.

ಹೊಸ ಟ್ಯಾಂಕ್ ಬರುವುದು ಎರಡು ದಿನ ತಡ ಆಯಿತು. ಗಾಜುಗಾರ ಅಣ್ಣ ಒಂದು ವಾರ ಅಂದಿದ್ದರು, ನನಗೆ ಸಿಕ್ಕಿದ್ದು ಎರಡೇ ರಾತ್ರಿ, ಎರಡು ರಾತ್ರಿಯೂ ಎದ್ದೆದ್ದು ಪೇಪರ್ ಮುಟ್ಟಿ ನೋಡಿದೆ. ಒಣಗಿತ್ತು. ಹಳೇ ನೀರು ಅರ್ಧ, ಹೊಸದು ಅರ್ಧ ಹಾಕಿದೆ. ಹಳೇ ಗ್ರಾವೆಲ್ ತರಲಿಲ್ಲ. ಎರಡು ಇಂಚು ಕೆಳಗೆ ಕಪ್ಪಗಿತ್ತು, ಕೆದಕಿದರೆ ಕೊಳೆತ ವಾಸನೆ. ಒಂದು ಕೋರಿಡೋರಾಸ್ ಎರಡನೇ ದಿನ ಹೋಯಿತು. ಉಳಿದವೆಲ್ಲ ಇವೆ. ಮೊದಲ ವಾರ ದಿನಾ ಟೆಸ್ಟ್ ಮಾಡಿದೆ, ಅಮೋನಿಯ, ನೈಟ್ರೈಟ್ ಎರಡೂ ಒಂದು ದಿನವೂ ತೋರಿಸಲಿಲ್ಲ. ಅಜ್ಜಿ ಹೇಳಿದ ಸ್ಪಂಜು ಕೆಲಸ ಮಾಡಿತು.

ಹೀಟರ್ ಬಕೆಟ್‌ನಲ್ಲಿ ಇಟ್ಟು ನೋಡಿದ್ದೆ. 26ಕ್ಕೆ ಸೆಟ್ ಮಾಡಿದ್ದು 33 ದಾಟಿಯೂ ಉರಿಯುತ್ತಲೇ ಇತ್ತು. ಕಸಕ್ಕೆ ಹೋಯಿತು.

ನಿನ್ನೆ ಅವರ ಮಗಳು ವಿಡಿಯೋ ಕಾಲ್ ಮಾಡಿ ಏಂಜಲ್ ನೋಡಿದಳು. ನಾಲ್ಕಕ್ಕೂ ಹೆಸರಿದೆಯಂತೆ, ಈಗ ಹೇಳುತ್ತಾಳೆ.

ಸ್ಪಂಜಜ್ಜಿ:

ಓದಿ ಕಣ್ಣು ಒದ್ದೆ ಆಯಿತು ಕಣಪ್ಪ. ಒಂದು ತಿಂಗಳು ಹೊಸ ಮೀನು ಸೇರಿಸಬೇಡಿ.

ಖಾಲಿಗಾಜು:

ಆ ಸಕ್ಕರ್ ಎಷ್ಟು ಉದ್ದ ಇದೆ ಈಗ, ಅಳೆದಿರಾ? ನನ್ನ ಗೆಳೆಯನದು 7 ಅಡಿ ಟ್ಯಾಂಕ್, ಅವನಿಗೆ ಒಂದು ಬೇಕಂತೆ.

ಹೊಸನೀರು:

ಸ್ಕೇಲ್ ಹಿಡಿದುಕೊಂಡು ಎರಡು ದಿನದಿಂದ ಕಾಯುತ್ತಿದ್ದೇನೆ, ಫಿಲ್ಟರ್ ಪೈಪಿನ ಹಿಂದಿನಿಂದ ಬರೀ ಬಾಲ ತೋರಿಸುತ್ತದೆ. ಗೆಳೆಯರಿಗೆ ಹೇಳಿ, ಬಂದು ನೋಡಲಿ. ಬಕೆಟ್ ಅವರೇ ತರಬೇಕು, ದೊಡ್ಡದು.